ಅನೆಷ್ಕಾ ಮಾರೆಶೋವಾಳ ಎರಡು ಕಪ್ಪಂಚಿನ ಹಾಳೆಗಳು

ಪ್ರಾಗ್, ಝಿಷ್ಕೋವ್
೨ ಮಾರ್ಚ್ ೨೦೧೦

ವ್ಲಾಸ್ತಾ,

ಅಕ್ಕ ಎಂದು ಬರೆಯಬೇಕಿತ್ತು. ಕೈ ಬರಲಿಲ್ಲ.

ಭಾನುವಾರ ಓಲ್ಶಿನಿಗೆ ಬಂದಿದ್ದೆ. ಇದು ನಿನಗೆ ಹೊಸ ಸುದ್ದಿಯೇನಲ್ಲ. ನಿಮ್ಮೂರಿನಲ್ಲಿ ಪ್ರಾಗ್ ರೈಲಿನಿಂದ ಯಾರು ಇಳಿದರೂ, ಅವರು ಚೌಕ ತಲುಪುವ ಮೊದಲೇ ಅವರ ಸುದ್ದಿ ಮನೆಮನೆ ತಲುಪಿರುತ್ತದೆ. ನೀನು ಗೇಟಿಗೆ ಬೀಗ ಜಡಿದು, ಪರದೆ ಎಳೆದು ಒಳಗೇ ಕೂತಿದ್ದೆ. ಯಾರೂ ಇಲ್ಲ ಎಂದು ನಂಬಿಸಬೇಕೆಂದಿದ್ದರೆ ಒಲೆಯನ್ನಾದರೂ ಆರಿಸಬೇಕಿತ್ತು. ಚಿಮಣಿಯಿಂದ ಹೊಗೆ ಬರುತ್ತಿತ್ತು, ಹುರಿದ ಈರುಳ್ಳಿಯ ವಾಸನೆ ರಸ್ತೆಗೆ ಬರುತ್ತಿತ್ತು. ನಾನು ಗೇಟು ಬಡಿಯುತ್ತಾ ನಿಂತಿದ್ದರೆ ನೀನು ಊಟಕ್ಕೆ ಗ್ರೇವಿ ಕುದಿಸುತ್ತಿದ್ದೆ.

ಅಮ್ಮ ಸತ್ತ ದಿನ ನೀನು ಮೊಬೈಲಿಗೆ ಕಳಿಸಿದ ಮೂರು ಸಾಲು ಇನ್ನೂ ನನ್ನ ಹತ್ತಿರ ಇದೆ. "ಅಮ್ಮ ಬೆಳಿಗ್ಗೆ ಹೋದಳು. ಯಾವ ವಿಧಿಯೂ ಇಲ್ಲ, ನೇರ ದಹನ. ನೀನು ಬರುವ ಅಗತ್ಯವಿಲ್ಲ." ಆಗಲಿ, ಈಗಿನ ಕಾಲದಲ್ಲಿ ಅರ್ಧ ಜನ ಹೀಗೇ ಹೋಗುತ್ತಾರೆ, ಭಾಷಣವೂ ಇಲ್ಲ, ಪಿಟೀಲೂ ಇಲ್ಲ ಎಂದು ನುಂಗಿಕೊಂಡೆ. ಆದರೆ ನಿನ್ನ ಗೇಟಿನಿಂದ ವಾಪಸು ಬರುವಾಗ ಪುರಸಭೆಯ ಗೋಡೆಯ ಗಾಜಿನ ಪೆಟ್ಟಿಗೆಯ ಮುಂದೆ ನಿಂತೆ. ನಾಯಿ ತೆರಿಗೆಯ ಪ್ರಕಟಣೆಗೂ ಅಗ್ನಿಶಾಮಕರ ನೃತ್ಯಕೂಟದ ಜಾಹೀರಾತಿಗೂ ನಡುವೆ ಅಮ್ಮನ ಪಾರ್ತೆ, ಸಾವಿನ ಸುದ್ದಿಯ ಹಾಳೆ, ಅಂಟಿಸಿತ್ತು. ಕಪ್ಪಂಚು, ಮೂಲೆಯಲ್ಲಿ ಒಂದು ಗೋಧಿ ತೆನೆ. ಪ್ರೀತಿಯ ತಾಯಿ ಅನೆಷ್ಕಾ ಮಾರೆಶೋವಾ ಅಗಲಿದ್ದಾರೆ. ಕೆಳಗೆ, ದುಃಖಿಸುವವರು: ಮಗಳು ವ್ಲಾಸ್ತಾ. ಹಾಗೂ ಇತರ ಬಂಧುಗಳು.

ನಾನು ಮತ್ತೆ ಓದಿದೆ. ಮತ್ತೂ ಓದಿದೆ. ಬೇಕರಿಯ ಶೆಬ್ಕೋವಾ ಬ್ರೆಡ್ಡಿನ ಚೀಲ ಹಿಡಿದು ಪಕ್ಕದಲ್ಲಿ ಬಂದು ನಿಂತಳು.

"ನಿಮ್ಮ ಹೆಸರೇ ಕಾಣ್ತಿಲ್ವಲ್ಲ ಯಿತ್ಕಮ್ಮ. ಜಾಗ ಸಾಕಾಗ್ಲಿಲ್ವೇನೋ ಪಾಪ."

ಜಾಗವಿತ್ತು, ವ್ಲಾಸ್ತಾ. ಕೆಳಗೆ ಅಂಗೈಯಗಲ ಬಿಳಿ ಕಾಗದ ಹಾಗೇ ಬಿಟ್ಟಿತ್ತು.

ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು. ನನ್ನನ್ನು ಊರಿನ ಕಣ್ಣೆದುರು "ಇತರ" ಮಾಡಿದ್ದೀಯ. ಆ ಹಾಳೆಯನ್ನು ತೆಗೆಸಿ ಸರಿಯಾಗಿ ಅಚ್ಚು ಹಾಕಿಸು. ಅಮ್ಮನ ಬೂದಿ ಎಲ್ಲಿದೆ, ಯಾವತ್ತು ಅಪ್ಪನ ಸಮಾಧಿಯಲ್ಲಿ ಇಡುತ್ತೀಯ, ಅದನ್ನೂ ತಿಳಿಸು. ನಾನು ಅಲ್ಲಿರಬೇಕು. ಇಷ್ಟೇ.

ಫೋನು ಮಾಡಬೇಡ. ನೀನು ಕಿರುಚುತ್ತೀಯ, ಆಮೇಲೆ ನಾನೂ ಕಿರುಚುತ್ತೇನೆ.

ಯಿತ್ಕಾ

*

ಓಲ್ಶಿನಿ, ೧೦ ಮಾರ್ಚ್ ೨೦೧೦
ರಿಜಿಸ್ಟರ್ಡ್ ಅಂಚೆ

ಶ್ರೀಮತಿ ಯಿತ್ಕಾ ವೆಸೆಲಾ ಅವರಿಗೆ,

ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ತಲುಪಲಿಲ್ಲ, ಓದಲಿಲ್ಲ, ಗೊತ್ತೇ ಆಗಲಿಲ್ಲ ಎನ್ನುವುದು ನಿನ್ನ ಹಳೆಯ ಚಾಳಿ. ಈ ಸಲ ಸಹಿ ಹಾಕಿ ತೆಗೆದುಕೋ.

ಹೌದು, ಒಳಗೇ ಇದ್ದೆ. ನನ್ನ ಮನೆ, ನನ್ನ ಗೇಟು, ನನ್ನ ಈರುಳ್ಳಿ.

ಹೆಸರು ಯಾಕಿಲ್ಲ ಎಂದು ಕೇಳುತ್ತೀಯ. ಅಡುಗೆಮನೆ ಕಿಟಕಿ ತೆರೆದರೆ ಉತ್ತರ ಎದುರಿಗೇ ನಿಂತಿದೆ. ಅಪ್ಪ ಸಾಯುವಾಗ ಮನೆಯನ್ನು ನನಗೂ ಹಿಂದಿನ ಪ್ಲಮ್ ತೋಟವನ್ನು ನಿನಗೂ ಬರೆದ. ನಾನು ಮನೆಯಲ್ಲಿ ಉಳಿದು ಅಮ್ಮನನ್ನು ನೋಡಿಕೊಂಡೆ. ನೀನು ತೋಟವನ್ನು ಪ್ರಾಗಿನ ಕಟ್ಟಡದವರಿಗೆ ಮಾರಿದೆ. ಮಾರುವ ಮೊದಲು ಒಂದು ಮಾತು ಹೇಳಲಿಲ್ಲ. ಒಂದು ಸೋಮವಾರ ಯಂತ್ರಗಳು ಬಂದವು, ಬುಧವಾರದ ಹೊತ್ತಿಗೆ ಅಪ್ಪ ಕಸಿ ಕಟ್ಟಿದ ಮರಗಳೆಲ್ಲ ಬೇರು ಮೇಲಾಗಿ ಬಿದ್ದಿದ್ದವು. ಅಮ್ಮ ನೈಟಿಯಲ್ಲೇ ಬೇಲಿ ಹಿಡಿದು ನಿಂತಿದ್ದಳು. "ಅವಳಿಗೆ ಗೊತ್ತಿರಲಿಕ್ಕಿಲ್ಲ, ಅವಳಿಗೆ ಗೊತ್ತಿದ್ರೆ ಬಿಡ್ತಿರ್ಲಿಲ್ಲ" ಅನ್ನುತ್ತಿದ್ದಳು. ನಿನ್ನ ಬಗ್ಗೆ ಅಷ್ಟು ನಂಬಿಕೆ ಅವಳಿಗೆ. ನಾನು ಬಾಯಿ ಬಿಡಲಿಲ್ಲ.

ಈಗ ಅಲ್ಲಿ ಸಕ್ಕರೆ ಕ್ಯೂಬಿನಂಥ ಮನೆಗಳು. ಹೊಳೆಯಲ್ಲಿ ತೇಲಿಬಂದ ಜನ, ಒಂದೊಂದು ಮನೆಗೂ ಎರಡೆರಡು ಕಾರು, ತುಯಾ ಗಿಡಗಳ ಬೇಲಿ, ಕಬಾಬು ಸುಡುವ ಹೊಗೆ. ಬೆಳಿಗ್ಗೆ ಪ್ರಾಗಿಗೆ ಓಡುತ್ತಾರೆ, ಸಂಜೆ ಮಲಗಲು ಬರುತ್ತಾರೆ. ನನ್ನ ಹುಂಜ ಕೂಗುತ್ತದೆ ಎಂದು ಪುರಸಭೆಗೆ ದೂರು ಕೊಟ್ಟರು, ಹುಂಜ ಇನ್ನೇನು ಮಾಡಬೇಕು? ನಾನು ತಟ್ಟೆ ತೊಳೆಯುವಾಗ ಅವರ ಮಹಡಿಯಿಂದ ನನ್ನ ತಟ್ಟೆಯಲ್ಲಿ ಏನಿತ್ತು ಎಂದು ಕಾಣುತ್ತದೆ.

ಆದ್ದರಿಂದ ನೀನು ಇತರ. ಅಚ್ಚಿನವನು "ಇನ್ನೊಬ್ಬ ಮಗಳು ಇದ್ದಾಳಲ್ಲಾ?" ಅಂದ. "ಇದ್ದಳು" ಅಂದೆ.

ಬೂದಿಯ ಕಲಶ ಅಡುಗೆಮನೆಯ ಬೀರುವಿನ ಮೇಲೆ, ಕಾಫಿ ಬೀಸುವ ಗಿರಣಿಯ ಪಕ್ಕದಲ್ಲಿದೆ. ದಹನಕ್ಕೆ ಅರ್ಜಿ ಹಾಕಿದವಳು ನಾನು, ಕಲಶ ನನ್ನ ಹೆಸರಿಗೇ ಕೊಟ್ಟರು. ನಿನಗೆ ದಿನ ಬೇಕೇ? ಒಂದು ಭಾನುವಾರ ಬಾ. ಅಮ್ಮ ನಿಂತಿದ್ದಳಲ್ಲ, ಆ ಬೇಲಿಯ ಹತ್ತಿರ ನಿಂತು, ಅಮ್ಮನ ತೋಟ ಮಾರಿ ತಪ್ಪು ಮಾಡಿದೆ ಎಂದು ನನ್ನೆದುರು ಹೇಳು. ಆಮೇಲೆ ದಿನ ಹೇಳುತ್ತೇನೆ.

ವ್ಲಾಸ್ತಾ ಮಾರೆಶೋವಾ

*

ಪ್ರಾಗ್, ೨೨ ಮಾರ್ಚ್ ೨೦೧೦

ವ್ಲಾಸ್ತಾ,

ನಿನ್ನ ರಿಜಿಸ್ಟರ್ಡ್ ಬೈಗುಳಕ್ಕಾಗಿ ಅಂಚೆ ಕಚೇರಿಯಲ್ಲಿ ಪಿಂಚಣಿಯವರ ಸಾಲಿನಲ್ಲಿ ನಿಂತೆ. ಗಾಜಿನ ಹಿಂದಿನ ಹುಡುಗಿ "ಕೋರ್ಟಿಂದ ಏನಾದ್ರೂ ಬಂದಿದ್ಯಾ?" ಎಂದು ಮರುಕದಿಂದ ಕೇಳಿದಳು. "ಇಲ್ಲಮ್ಮ, ನಮ್ಮಕ್ಕನಿಂದ" ಅಂದೆ. ಅವಳ ಮರುಕ ಇನ್ನಷ್ಟು ಹೆಚ್ಚಿತು.

ನಾನು ಬೇಲಿಯ ಹತ್ತಿರ ನಿಲ್ಲುವುದಿಲ್ಲ. ತೋಟ ನನ್ನದಾಗಿತ್ತು. ಗಂಡ ಬಿಟ್ಟುಹೋದ ವರ್ಷ ಮನೆಯ ಮಾಲೀಕ ನಮ್ಮ ಫ್ಲಾಟುಗಳನ್ನೆಲ್ಲ ಮಾರಲು ಹೊರಟ, ಕೊಂಡುಕೊಳ್ಳಿ ಇಲ್ಲವೇ ಗಂಟುಮೂಟೆ ಕಟ್ಟಿ ಅಂದ. ಐವತ್ತು ದಾಟಿದ, ನಾಟಕದವರ ಬಟ್ಟೆಗೆ ಗುಂಡಿ ಹೊಲಿಯುವ ಹೆಂಗಸು ಎಲ್ಲಿಗೆ ಹೋಗಬೇಕಿತ್ತು? ನಿನ್ನ ಹತ್ತಿರಕ್ಕೆ? ನೀನು ಹಿಂದಿನ ಕೋಣೆಯಲ್ಲಿ ನನಗೊಂದು ಮಂಚ ಹಾಕಿ, ಪ್ರತಿದಿನ ಬೆಳಿಗ್ಗೆ ಕಾಫಿಯ ಜೊತೆ ಅದನ್ನು ನೆನಪಿಸುತ್ತಿದ್ದೆ. ಅದಕ್ಕಿಂತ ಮರಗಳು ಬೀಳಲಿ ಅಂದುಕೊಂಡೆ. ಅವತ್ತೂ ಹಾಗೇ ಅಂದುಕೊಂಡೆ, ಇವತ್ತೂ ಹಾಗೇ.

ಅಮ್ಮ ಅತ್ತಳು ಎನ್ನುತ್ತೀಯ. ಅತ್ತಿರಬಹುದು. ಆಮೇಲೆ ಏನು ಮಾಡಿದಳು ಎಂದು ನಿನಗೆ ಗೊತ್ತಿದೆಯೇ? ನೀನು ಮಂಗಳವಾರ ಗಾಯನ ಮಂಡಳಿಯ ಅಭ್ಯಾಸಕ್ಕೆ ಹೋಗುತ್ತೀಯಲ್ಲ, ನಿನ್ನ ಬೆನ್ನು ತಿರುಗಿದ ಕೂಡಲೇ ಅಮ್ಮ ಬೇಲಿಯ ಸಡಿಲ ಹಲಗೆ ಸರಿಸಿ ಆ ಕಡೆ ಹೋಗುತ್ತಿದ್ದಳು. ತೆರೆಜಾ ಕದ್ಲೆತ್ಸೋವಾ ಎಂಬವಳ ಮನೆಗೆ. ನಿನ್ನ ಹುಂಜದ ಮೇಲೆ ದೂರು ಕೊಟ್ಟವಳ ಪಕ್ಕದ ಮನೆಯವಳು, ನಿನಗೆ ಎಲ್ಲರೂ ಒಂದೇ. ಅಮ್ಮ ಅವಳಿಗೆ ಪ್ಲಮ್ ಕಡುಬು ಮಾಡುವುದು ಕಲಿಸಿದಳು, ಹಿಟ್ಟಿನಲ್ಲಿ ಆಲೂಗಡ್ಡೆ ಎಷ್ಟು ಎಂದು ಬೈದು ಬೈದು ಕಲಿಸಿದಳು. ತೆರೆಜಾಳೇ ಹೇಳಿದಳು ನನಗೆ. "ಹಿಂದುಗಡೆ ಈಗ ಜನರ ಸದ್ದಿರುತ್ತೆ ಕಣೇ, ನಮ್ಮನೇಲಿ ಬರೀ ಗಡಿಯಾರ" ಎಂದು ಅಮ್ಮ ಅನ್ನುತ್ತಿದ್ದಳಂತೆ.

ನಿನಗೆ ಹೇಳಲಿಲ್ಲ ಅಮ್ಮ. ಯಾಕೆ ಹೇಳಲಿಲ್ಲ? ನಿನಗೆ ಹೆದರುತ್ತಿದ್ದಳು. ನಾನೂ ಹೆದರುತ್ತಿದ್ದೆ, ಅದಕ್ಕೇ ಊರು ಬಿಟ್ಟೆ. ಅವಳಿಗೆ ಬಿಡಲು ಆಗಲಿಲ್ಲ, ಹಲಗೆ ಸರಿಸಿದಳು.

ಕಲಶ ನಿನ್ನದಾಗಿರಬಹುದು. ಆದರೆ ಪಾರ್ತೆ ಅಚ್ಚು ಹಾಕಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ವಿಚಾರಿಸಿದ್ದೇನೆ. ಕಾದಿರು.

ಯಿತ್ಕಾ

*

ಓಲ್ಶಿನಿ ಪುರಸಭೆ, ಕಾರ್ಯದರ್ಶಿಯವರ ಕಚೇರಿ
೧೨ ಏಪ್ರಿಲ್ ೨೦೧೦

ಮಾನ್ಯ ಶ್ರೀಮತಿ ವ್ಲಾಸ್ತಾ ಮಾರೆಶೋವಾ ಹಾಗೂ ಮಾನ್ಯ ಶ್ರೀಮತಿ ಯಿತ್ಕಾ ವೆಸೆಲಾ ಅವರಿಗೆ,

ನಮ್ಮ ನಗರದ ಗೌರವಾನ್ವಿತ ನಿವಾಸಿಯಾಗಿದ್ದ ದಿವಂಗತ ಅನೆಷ್ಕಾ ಮಾರೆಶೋವಾ ಅವರ ಅಗಲಿಕೆಗೆ ಪುರಸಭೆ ಮತ್ತೊಮ್ಮೆ ಸಂತಾಪ ಸೂಚಿಸುತ್ತದೆ.

ಪುರಸಭೆಯ ಪ್ರಕಟಣಾ ಪೆಟ್ಟಿಗೆಯಲ್ಲಿ ಸದರಿಯವರ ಬಗ್ಗೆ ಈಗ ಎರಡು ಪಾರ್ತೆಗಳಿವೆ. ಒಂದರಲ್ಲಿ ಮಗಳು ವ್ಲಾಸ್ತಾ ಹಾಗೂ ಇತರ ಬಂಧುಗಳು ಎಂದಿದ್ದರೆ, ಇನ್ನೊಂದರಲ್ಲಿ ಮಗಳು ಯಿತ್ಕಾ ಹಾಗೂ ಇತರ ಬಂಧುಗಳು ಎಂದಿದೆ. ಸತ್ತವರು ಒಬ್ಬರೋ ಇಬ್ಬರೋ ಎಂದು ನಾಗರಿಕರು ನಮ್ಮ ಕಿಟಕಿಗೆ ಬಂದು ವಿಚಾರಿಸುತ್ತಿದ್ದಾರೆ. ಎರಡನೆಯದನ್ನು ಕಳೆದ ವಾರ ಯಾರೋ ಕಿತ್ತುಹಾಕಿದ್ದು, ಮರುದಿನ ಅದು ಮತ್ತೆ ಅಂಟಿಕೊಂಡಿದೆ. ಗಾಜಿನ ಬಾಗಿಲಿನ ತಿರುಗಣೆ ಸಡಿಲಗೊಂಡಿದೆ.

ಕುಟುಂಬದ ವಿಷಯದಲ್ಲಿ ತಲೆಹಾಕುವುದು ನಮ್ಮ ಕೆಲಸವಲ್ಲ. ಇಬ್ಬರೂ ಕೂಡಿ ಒಂದೇ ಹಾಳೆ ಕೊಟ್ಟರೆ ಸಂತೋಷ. ಆಗದಿದ್ದಲ್ಲಿ ಎರಡನ್ನೂ ಈ ತಿಂಗಳ ಕೊನೆಯಲ್ಲಿ ತೆಗೆಯಲಾಗುವುದು.

ಗೌರವಪೂರ್ವಕವಾಗಿ,
ಪಾವ್ಲಾ ಹೊರಾಚ್ಕೋವಾ, ಕಾರ್ಯದರ್ಶಿ

*

ಓಲ್ಶಿನಿ, ೧೫ ಏಪ್ರಿಲ್ ೨೦೧೦
ರಿಜಿಸ್ಟರ್ಡ್ ಅಂಚೆ

ಯಿತ್ಕಾ,

ಕಿತ್ತುಹಾಕಿದವಳು ನಾನೇ. ಸಾಧ್ಯವಿದ್ದರೆ ಇವತ್ತೂ ಕೀಳುತ್ತೇನೆ, ಆದರೆ ಆ ಹೊರಾಚ್ಕೋವಾ ಈಗ ಕಾಫಿಯ ಕಪ್ಪು ಹಿಡಿದು ಕಿಟಕಿಯಲ್ಲೇ ಕಾವಲು ಕೂತಿದ್ದಾಳೆ.

ನನ್ನ ಮಾನ ಕಳೆಯಬೇಕು ಅಂದುಕೊಂಡಿದ್ದೆಯಲ್ಲ, ಕಳೆದಿದ್ದೀಯ. ಮಂಡಳಿಯ ಹೆಂಗಸರು ಎರಡನೇ ಸಲ ಸಂತಾಪ ಹೇಳಲು ಬಂದರು. ಎರಡನೇ ಸಲ ಕಾಫಿ ಕುಡಿದರು, ಎರಡನೇ ಸಲ ಕೇಕು ತಿಂದರು. ಶೆಬ್ಕೋವಾ ನನ್ನ ಕೈ ತಟ್ಟಿ ಏನಂದಳು ಗೊತ್ತೇ?

"ವ್ಲಾಸ್ತಮ್ಮ, ಬೇಜಾರು ಮಾಡ್ಕೋಬೇಡಿ, ಕೇಳ್ತೀನಿ ಅಂತ. ನೀವು ದತ್ತು ಬಂದವರಾ?"

ನಲವತ್ತು ವರ್ಷ ಈ ಊರಿನ ಶಾಲೆಯ ಅಡುಗೆಮನೆಯಲ್ಲಿ ಸಾರು ಬಡಿಸಿದವಳು ನಾನು. ಅವಳ ಇಬ್ಬರು ಗಂಡುಮಕ್ಕಳಿಗೂ ನನ್ನ ಕೈಯಾರೆ ಬಡಿಸಿದ್ದೇನೆ. ನನ್ನನ್ನು ದತ್ತು ಅನ್ನುತ್ತಾಳೆ.

ಅಮ್ಮನನ್ನು ತೊಳೆದವಳು ಯಾರು? ಕೊನೆಯ ಚಳಿಗಾಲದಲ್ಲಿ ಅವಳು ನನ್ನನ್ನು ಗುರುತಿಸದೆ ಕೈಗೆ ಕಚ್ಚಿದಾಗ "ಆಯ್ತಮ್ಮ, ಆಯ್ತು" ಎಂದು ಪಕ್ಕದಲ್ಲೇ ಕೂತವಳು ಯಾರು? ನೀನು ತಿಂಗಳಿಗೊಂದು ಸಲ ಚಾಕೊಲೇಟು ತಂದು, ಅಮ್ಮನ ತಲೆ ಬಾಚಿ, ಐದು ಗಂಟೆಯ ರೈಲಿಗೆ ಓಡುತ್ತಿದ್ದೆ. ಅಮ್ಮ ನಿನ್ನನ್ನು ಮಾತ್ರ ಗುರುತಿಸುತ್ತಿದ್ದಳು. ನಿನಗೆ ಅದು ಗೊತ್ತಿಲ್ಲದೆ ಇಲ್ಲ. ನೀನು ಹೋದ ಮೇಲೆ "ಯಿತ್ಕಾ ಯಾವಾಗ ಬರ್ತಾಳೆ" ಎಂದು ನನ್ನನ್ನೇ ಕೇಳುತ್ತಿದ್ದಳು, ನಾನೇನೋ ಬಾಡಿಗೆಯ ದಾದಿ ಎಂಬಂತೆ.

ಬೇಲಿಯ ಹಲಗೆಯ ವಿಷಯ ನನಗೆ ಗೊತ್ತಿರಲಿಲ್ಲ. ನಿನ್ನ ಪತ್ರ ಬಂದ ಸಂಜೆಯೇ ಸುತ್ತಿಗೆ ತಂದು ಅದಕ್ಕೆ ಮೊಳೆ ಹೊಡೆದೆ. ಇನ್ನು ಯಾರು ಅದನ್ನು ಸರಿಸಲು ಇದ್ದಾರೆ ಎಂದು ಹೊಡೆದೆನೋ, ನನಗೇ ಗೊತ್ತಿಲ್ಲ. ಆ ಕಡೆಯಿಂದ ಆ ತೆರೆಜಾ ನೋಡುತ್ತಾ ನಿಂತಿದ್ದಳು.  ನಾನು ಸುತ್ತಿಗೆ ಎತ್ತಿಕೊಂಡು ಒಳಗೆ ಬಂದೆ.

ನಿನ್ನ ಹಾಳೆಯಲ್ಲಿ ಶನಿವಾರ ಚೌಕದ ಪಬ್ಬಿನಲ್ಲಿ ನೆನಪಿನ ಕೂಟ ಎಂದು ಹಾಕಿದ್ದೀಯ. ಸತ್ತವಳು ನನ್ನ ಬೀರುವಿನ ಮೇಲಿದ್ದಾಳೆ. ನೀನು ಯಾರನ್ನು ನೆನೆಯುತ್ತೀಯೋ ನೆನೆ.

ವ್ಲಾಸ್ತಾ

*

ಪ್ರಾಗ್, ೨೦ ಏಪ್ರಿಲ್ ೨೦೧೦

ವ್ಲಾಸ್ತಾ,

ಕೂಟ ಮುಗಿಯಿತು. ನೀನು ಬರಲಿಲ್ಲ. ನಿನ್ನ ಪರದೆಯ ಹಿಂದಿನಿಂದ ಪಬ್ಬಿನ ಬಾಗಿಲು ಕಾಣುತ್ತದೆ, ಆದ್ದರಿಂದ ಯಾರ‍್ಯಾರು ಬಂದರು ಎಂದು ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ನಿನಗೆ ಉರಿಯಲಿ.

ಹೊಳೆಯಲ್ಲಿ ತೇಲಿಬಂದವರೆಲ್ಲ ಬಂದರು. ತೆರೆಜಾ ಒಂದು ದೊಡ್ಡ ತಟ್ಟೆ ಪ್ಲಮ್ ಕಡುಬು ತಂದಳು, ಮೇಲೆ ಗಸಗಸೆ ಸಕ್ಕರೆ ಉದುರಿಸಿ, ಥೇಟ್ ಅಮ್ಮನ ಕೈಯಂತೆ. ಹಿಟ್ಟು ಮಾತ್ರ ಸ್ವಲ್ಪ ಗಟ್ಟಿ. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ನಿನ್ನ ಹಳೇ ಊರಿನವರೂ ಬಂದರು, ಅರ್ಧ ಜನ ಅಮ್ಮನಿಗಾಗಿ, ಉಳಿದರ್ಧ ನಾವಿಬ್ಬರೂ ಎದುರಾಗಿ ಕೂದಲು ಹಿಡಿದುಕೊಳ್ಳುತ್ತೇವೋ ನೋಡೋಣ ಎಂದು. ಪಬ್ಬಿನ ಯಜಮಾನ ಬಿಯರು ಸುರಿಯುತ್ತಾ "ಇನ್ನೊಬ್ಬರು ಬರಲ್ವಾ? ಹಾಗಾದ್ರೆ ಒಡೆಯೋ ಭಯ ಇಲ್ಲ, ಗಾಜಿನ ಲೋಟಾನೇ ಕೊಡ್ತೀನಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ನೆನೆದು ಅಸಹ್ಯವಾಯಿತು.

ಆಮೇಲೆ ಒಂದು ಮಾತು ಬಂತು. ಅಂಚೆಯಲ್ಲಿ ಕೆಲಸ ಮಾಡುತ್ತಿದ್ದ ಮುದುಕ ಕ್ವಾಪಿಲ್, ಅಮ್ಮನ ಜೊತೆ ಶಾಲೆಗೆ ಹೋದವನು, ಕೋಲೂರಿಕೊಂಡು ನನ್ನ ಪಕ್ಕಕ್ಕೆ ಬಂದು ಕೂತ.

"ಅನೆಷ್ಕಾನ ಯಾವಾಗ ಇಡ್ತೀರಮ್ಮ? ನಾನೂ ಒಂದು ಹೂವು ಹಾಕ್ಬೇಕು ಅಂತ."

"ಗೊತ್ತಿಲ್ಲ ತಾತ."

"ಗೊತ್ತಿಲ್ವಾ? ನೀನು ಮಗಳಲ್ವಾ?"

 ಬಿಯರು, ಕಡುಬು, ನಗು ಎಲ್ಲ ಇತ್ತು, ಅಮ್ಮ ಮಾತ್ರ ಇರಲಿಲ್ಲ. ಅವಳು ಯಾವತ್ತು ಮಣ್ಣಿಗೆ ಹೋಗುತ್ತಾಳೆ ಎನ್ನುವುದು ಅವಳ ಮಗಳಿಗೆ ಗೊತ್ತಿರಲಿಲ್ಲ. ನನಗೆ ಆ ಮುದುಕನ ಮುಖ ನೋಡಲಾಗಲಿಲ್ಲ. ನಿನ್ನ ಮೇಲೆ ನನಗೆ ಎಷ್ಟು ದ್ವೇಷವಿದೆ ಎಂದು ಅವತ್ತು ತಿಳಿಯಿತು, ವ್ಲಾಸ್ತಾ. 

ಅಮ್ಮ ನಿನ್ನ ಕೈ ಕಚ್ಚಿದ್ದು ನನಗೆ ಗೊತ್ತಿರಲಿಲ್ಲ.  ಹಾಗಂತ ನಾನು ಕ್ಷಮೆ ಕೇಳುತ್ತಿಲ್ಲ. ಬೇಲಿಯ ಹತ್ತಿರ ನಿಂತು ಪಾಠ ಒಪ್ಪಿಸುವುದೂ ಇಲ್ಲ. ಒಂದು ದಿನ ಕೇಳುತ್ತಿದ್ದೇನೆ, ಅಷ್ಟೇ. ಬಂದು ದೂರದಲ್ಲಿ ನಿಲ್ಲುತ್ತೇನೆ. ನಿನ್ನ ಮುಖ ನೋಡುವುದಿಲ್ಲ, ಮಾತಾಡುವುದಿಲ್ಲ. ಅವಳು ಒಳಗೆ ಹೋಗುವುದನ್ನು ನೋಡಬೇಕು.

ದಿನ ಬರೆ.

ಯಿತ್ಕಾ

*

ಓಲ್ಶಿನಿ, ೩ ಮೇ ೨೦೧೦

ಯಿತ್ಕಾ,

ದಿನ ಕೊಡುವುದಿಲ್ಲ.

ಇಟ್ಟ ಮೇಲೆ ತಿಳಿಸುತ್ತೇನೆ. ನಿನಗೂ ಮೂರು ಸಾಲು ಬರುತ್ತದೆ.

ಇಲ್ಲಿ ಚಳಿ ಹೋಗಿಲ್ಲ. ಟೊಮೇಟೊ ಸಸಿಗಳು ಇನ್ನೂ ಕಿಟಕಿಯಲ್ಲೇ ಇವೆ. ಸ್ಮಶಾನದ ಹ್ರೂಬಿಯೂ ಗೊಣಗುತ್ತಿದ್ದ. "ಹಿಮದ ಸಂತರ ಮೂರೂ ದಿನ ದಾಟ್ಲಿ ವ್ಲಾಸ್ತಮ್ಮ, ಮೇ ನಡುವಿನ ಆ ಕೊನೇ ಚಳಿ ಹೋಗ್ಲಿ, ಆಮೇಲೆ ಮಣ್ಣು ಕೈಗೆ ಬರುತ್ತೆ, ಅಲ್ಲೀವರೆಗೂ ಅವರು ಬೀರು ಮೇಲೆ ಬೆಚ್ಚಗಿರಲಿ" ಎಂದ. ಬೂದಿಗೆ ಬೆಚ್ಚಗೇನು, ತಣ್ಣಗೇನು. ಆದರೂ ನಾನು ಕಲಶವನ್ನು ಒಲೆಯ ಕಡೆಗೆ ಸ್ವಲ್ಪ ಸರಿಸಿದೆ.

ನಿನ್ನ ತೆರೆಜಾ ನನ್ನ ಗೇಟಿಗೆ ಕಡುಬಿನ ಡಬ್ಬ ನೇತುಹಾಕಿ ಹೋಗಿದ್ದಳು. ಕೋಳಿಗೆ ಹಾಕಿದೆ. ಹಿಟ್ಟು ಗಟ್ಟಿಯಾಗಿದ್ದದ್ದು ನಿಜ.

ಈ ಪತ್ರವನ್ನು ರಿಜಿಸ್ಟರ್ ಮಾಡುತ್ತಿಲ್ಲ. ಕಚೇರಿಯವರೆಗೆ ನಡೆಯುವ ಮನಸ್ಸಿಲ್ಲ. ತಲುಪಿದರೆ ತಲುಪಲಿ.

ವ್ಲಾಸ್ತಾ

*

ಪ್ರಾಗ್, ೧೯ ಮೇ ೨೦೧೦

ವ್ಲಾಸ್ತಾ,

ನಿನ್ನ ಮೂರು ಸಾಲು ಬರುವ ಮೊದಲೇ ನಾನು ಬರೆಯುತ್ತಿದ್ದೇನೆ. ಆ ಸುಖವನ್ನು ನಿನಗೆ ಬಿಡುವುದಿಲ್ಲ.

ನಾನು ಅಲ್ಲಿದ್ದೆ.

ಹ್ರೂಬಿ ಫೋನು ಮಾಡಿದ. "ಸೋಮವಾರ ಹತ್ತು ಗಂಟೆಗೆ. ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ" ಎಂದು ಇಟ್ಟುಬಿಟ್ಟ. ಊರಲ್ಲಿ ಒಬ್ಬನಾದರೂ ಮನುಷ್ಯ ಇದ್ದಾನೆ ಅಂದುಕೊಂಡೆ. ಒಂದು ನಿಲ್ದಾಣ ಹಿಂದೆಯೇ ಇಳಿದು, ನಿಮ್ಮೂರಿನ ಕಣ್ಣಿಗೆ ಬೀಳದಂತೆ ಹೊಲದ ದಾರಿಯಲ್ಲಿ ನಡೆದು ಬಂದೆ. ಕಳ್ಳಿಯ ಹಾಗೆ, ನನ್ನ ತಾಯಿಯ ಸಮಾಧಿಗೆ.

ನೀರಿನ ನಲ್ಲಿ ಇದೆಯಲ್ಲ, ಹಸಿರು ಕ್ಯಾನುಗಳನ್ನು ಸಾಲಾಗಿ ನೇತುಹಾಕಿರುತ್ತಾರಲ್ಲ, ಅದರ ಹಿಂದಿನ ತುಯಾ ಪೊದೆಗಳ ಮರೆಯಲ್ಲಿ ನಿಂತಿದ್ದೆ. ನೀನು ಒಬ್ಬಳೇ ಬಂದೆ. ಅಮ್ಮನ ಬೂದು ಕೋಟು ಹಾಕಿದ್ದೆ, ತೋಳು ಗಿಡ್ಡವಾಗಿತ್ತು. ಕಲಶವನ್ನು ಮಾರುಕಟ್ಟೆಯ ಚೀಲದಲ್ಲಿ ತರುತ್ತೀಯ ಎಂದು ಎಣಿಸಿದ್ದೆ, ನಿನ್ನ ಬಗ್ಗೆ ನನಗಿರುವ ಗೌರವ ಅಷ್ಟೇ. ನೀನು ಅದನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ತಂದಿದ್ದೆ.

ಹ್ರೂಬಿ ಟೋಪಿ ತೆಗೆದು ಗುದ್ದಲಿ ಹಿಡಿದು ಪಕ್ಕಕ್ಕೆ ನಿಂತ. ಕಲಶ ಕೊಡಿ ಎಂದು ಕೈ ಚಾಚಿದ, ನೀನು ಕೊಡಲಿಲ್ಲ. ನೀನೇ ಮೊಣಕಾಲೂರಿ, ಭುಜದವರೆಗೂ ಗುಂಡಿಯೊಳಗೆ ಬಗ್ಗಿ ಇಟ್ಟೆ. ಏನೋ ಹೇಳಿದೆ. ನನಗೆ ಕೇಳಿಸಲಿಲ್ಲ. ಅದು ಏನೆಂದು ಈ ಜನ್ಮದಲ್ಲಿ ನಿನ್ನನ್ನು ಕೇಳುವುದಿಲ್ಲ, ಆದರೆ ಅದು ಕೇಳಿಸಲಿಲ್ಲ ಎನ್ನುವುದನ್ನು ಮರೆಯುವುದೂ ಇಲ್ಲ.

ಆಮೇಲೆ ನಿನಗೆ ಏಳಲಾಗಲಿಲ್ಲ. ಮಣ್ಣು ಮುಚ್ಚಿ ಆಗಿತ್ತು, ಹ್ರೂಬಿ ಕಾಲಿನಿಂದ ತಟ್ಟಿ ಸಮ ಮಾಡಿದ್ದ, ನೀನು ಮೊಣಕಾಲ ಮೇಲೇ ಇದ್ದೆ. ಅವನು ಎಬ್ಬಿಸಲು ಬಂದರೆ ನಾಯಿಯನ್ನು ಅಟ್ಟುವಂತೆ ಕೈ ಬೀಸಿದೆ. ಅವನು ಗುದ್ದಲಿ ಎತ್ತಿಕೊಂಡು ಹೊರಟುಹೋದ. ಅಲ್ಲಿ ನಾವಿಬ್ಬರೇ ಉಳಿದೆವು. ನಿನಗೆ ಅದು ಗೊತ್ತಿರಲಿಲ್ಲ.

ನಿನ್ನ ಬೆನ್ನು ನೋಡುತ್ತಾ ನಿಂತೆ. ನೀನು ಅಪ್ಪನ ಕಲ್ಲನ್ನು ಹಿಡಿಯಲು ನೋಡಿದೆ, ಕೈ ಜಾರಿತು. ಮತ್ತೆ ಹಿಡಿಯಲು ಹೋಗಲೂ ಇಲ್ಲ, ತಲೆ ತಗ್ಗಿಸಿ ಕೂತೇಬಿಟ್ಟೆ. ಮುದುಕಿಯಾಗಿದ್ದೀಯ, ವ್ಲಾಸ್ತಾ. ನಾನು ಪೊದೆಯಿಂದ ಈಚೆಗೆ ಒಂದು ಹೆಜ್ಜೆ ಇಟ್ಟೆ. ಹೋಗಿ ನಿನ್ನ ಕಂಕುಳಿಗೆ ಕೈ ಕೊಟ್ಟು ಎತ್ತಬೇಕು ಅನ್ನಿಸಿತ್ತು. ಆಗ "ಹಾಗೂ ಇತರ ಬಂಧುಗಳು" ಎಂಬುದು ಅಚ್ಚಾದ ಹಾಗೆಯೇ ಕಣ್ಣ ಮುಂದೆ ಬಂತು. ಇತರರಿಗೆ ಅಷ್ಟು ಹತ್ತಿರ ಬರುವ ಹಕ್ಕಿಲ್ಲ. ಅಲ್ಲೇ ನಿಂತೆ. ಇವಳು ಅಲ್ಲೇ ಕೂತಿರಲಿ, ಕತ್ತಲಾಗುವವರೆಗೂ ಕೂತಿರಲಿ ಅಂದುಕೊಂಡೆ. ಆಮೇಲೆ ರೈಲಿಗೆ ಹೊತ್ತಾಯಿತು.

ನನಗೆ ಬೇಕಾದದ್ದು ಸಿಕ್ಕಿತು. ಅವಳು ಒಳಗೆ ಹೋಗುವುದನ್ನು ನೋಡಿದೆ. ನೀನು ಬೇಡವೆಂದರೂ ನೋಡಿದೆ. ಇನ್ನು ನಿನ್ನಿಂದ ನನಗೆ ಏನೂ ಆಗಬೇಕಿಲ್ಲ.

ಯಿತ್ಕಾ

*

ಓಲ್ಶಿನಿ, ೨೪ ಮೇ ೨೦೧೦

ಯಿತ್ಕಾ,

ಹ್ರೂಬಿಯನ್ನು ನಿನಗಿಂತ ನಾನು ಹೆಚ್ಚು ಬಲ್ಲೆ. ಅವನು ತಾನಾಗಿ ತನ್ನ ಹೆಂಡತಿಗೂ ಫೋನು ಮಾಡುವವನಲ್ಲ. ನಿನ್ನ ನಂಬರು ಅವನಿಗೆ ಎಲ್ಲಿಂದ ಸಿಕ್ಕಿತು ಎಂದು ಒಂದು ಸಲವೂ ಯೋಚಿಸಲಿಲ್ಲವೇ? ಬ್ರೆಡ್ಡಿನ ಚೀಲದ ಹಿಂದೆ ಬರೆದುಕೊಟ್ಟವಳು ನಾನು. ಯಾರು ಹೇಳಿದರು ಎಂದು ಬಾಯಿ ಬಿಟ್ಟರೆ ನಿನ್ನ ಹೆಂಡತಿಗೆ ಪ್ಲಮ್ ಸಾರಾಯಿಯ ಶೀಶೆ ಬಚ್ಚಿಟ್ಟ ಜಾಗ ತೋರಿಸುತ್ತೇನೆ ಎಂದು ಅವನಿಗೆ ಹೇಳಿದ್ದೆ. ಪಾಪ, ಚೆನ್ನಾಗಿ ನಟಿಸಿದ.

ನಿನಗೆ ಬರೆದು ಕರೆಯಲು ನನ್ನಿಂದ ಆಗಲಿಲ್ಲ. ಇವತ್ತೂ ಆಗುವುದಿಲ್ಲ.

ನನ್ನ ಕಾಲುಗಳಿಗೆ ಏನೂ ಆಗಿಲ್ಲ. ಹೋದ ವಾರವೇ ಆಲೂಗಡ್ಡೆ ಮಡಿ ಪೂರ್ತಿ ಅಗೆದಿದ್ದೇನೆ. ಹ್ರೂಬಿ ಕೈ ಕೊಟ್ಟಾಗ ಬೇಡ ಅಂದದ್ದು, ಬೇಕಾದ ಕೈ ಅದಲ್ಲ ಎಂದು. ಅಪ್ಪನ ಕಲ್ಲನ್ನು ನಾನೇ ಬಿಟ್ಟೆ.

ನೀನು ನಲ್ಲಿಯ ಹತ್ತಿರ ಇದ್ದೀಯ ಎಂದು ಬಂದಾಗಲೇ ಗೊತ್ತಾಗಿತ್ತು. ತಿರುಗಿ ನೋಡಿದರೆ ಓಡಿಹೋಗುತ್ತೀಯ ಎಂದು ನೋಡಲಿಲ್ಲ. ಅಲ್ಲಿ ಜಲ್ಲಿ ಹಾಸಿದೆ, ಬೆಕ್ಕು ನಡೆದರೂ ಸದ್ದಾಗುತ್ತದೆ. ನೀನು ಇಟ್ಟ ಹೆಜ್ಜೆ ನನಗೆ ಕೇಳಿಸಿತು.

ಎರಡನೆಯದಕ್ಕೆ ಕಾದೆ. ರೈಲು ಹೊರಟ ಸದ್ದು ಕೇಳಿದ ಮೇಲೆ ಎದ್ದೆ.

ವ್ಲಾಸ್ತಾ